ನೆಬ್ರಾಸ್ಕಾದ ಹೊಲದಿಂದ ಐರ್ಲೆಂಡಿನ ಊರಿನವರೆಗೆ: ವಂಶದ ಜಾಡು ಹಿಡಿಯುವುದು ಹೇಗೆ?

ಪ್ರಶ್ನೆ: ನನ್ನ ಪತಿಯ ಮುತ್ತಜ್ಜ ಐರ್ಲೆಂಡಿನಿಂದ ಬಂದು ಅಮೆರಿಕದ ನೆಬ್ರಾಸ್ಕಾ ರಾಜ್ಯದ ಹೋಲ್ಟ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ) ಬೇಸಾಯ ಮಾಡಿದವರು. ಮನೆತನದ ಹೆಸರು ಮರ್ಫಿ. 1880ರ ಜನಗಣತಿಯಲ್ಲಿ ಹುಟ್ಟಿದ್ದು 'ಐರ್ಲೆಂಡ್' ಎಂದಷ್ಟೇ ಇದೆ. ನನ್ನ ತವರಿನ ಕಡೆಯ ವಂಶವೃಕ್ಷ ಸಿದ್ಧವಿದೆ, ಮಕ್ಕಳಿಗಾಗಿ ಅವರ ಅಪ್ಪನ ಕಡೆಯದನ್ನೂ ಬರೆದಿಡಬೇಕು. ಎಲ್ಲಿಂದ ಶುರು ಮಾಡಲಿ?

ಐರ್ಲೆಂಡಿನ ದಾಖಲೆಗಳನ್ನು ಸದ್ಯಕ್ಕೆ ಮುಟ್ಟಲೇಬೇಡಿ. ಮರ್ಫಿ ಅಲ್ಲಿನ ಅತಿ ಸಾಮಾನ್ಯ ಮನೆತನದ ಹೆಸರು. ಊರಿನ ಹೆಸರಿಲ್ಲದೆ ಹುಡುಕಲು ಹೊರಟರೆ ನೂರಾರು ಮಂದಿ ಸಿಗುತ್ತಾರೆ, ನಿಮ್ಮವರು ಯಾರೆಂದು ಹೇಳಲು ಆಧಾರವೇ ಇರುವುದಿಲ್ಲ. ಊರಿನ ಹೆಸರು ಸಿಗಬೇಕಾದದ್ದು ಅಮೆರಿಕದ ಕಾಗದಪತ್ರಗಳಲ್ಲಿ. ನಿಮ್ಮವರು ರೈತರಾಗಿದ್ದರಲ್ಲ, ಅದು ದೊಡ್ಡ ಅನುಕೂಲ. ಬಾಡಿಗೆ ಮನೆಯಲ್ಲಿದ್ದು ಕೂಲಿ ಮಾಡಿದವರಿಗಿಂತ ಜಮೀನು ಹಿಡಿದವರ ಬಗ್ಗೆ ಬರಹ ಹೆಚ್ಚು ಉಳಿದಿದೆ.

ಮೊದಲು 1880ರ ಅದೇ ಪುಟವನ್ನು ಮತ್ತೊಮ್ಮೆ ತೆಗೆದು ಮಕ್ಕಳ ಜನ್ಮಸ್ಥಳ ನೋಡಿ. ಹಿರಿಯವನು ಪೆನ್ಸಿಲ್ವೇನಿಯಾ, ಮುಂದಿನವಳು ವಿಸ್ಕಾನ್ಸಿನ್, ಕಿರಿಯವನು ನೆಬ್ರಾಸ್ಕಾ ಎಂದಿದ್ದರೆ ಕುಟುಂಬ ನಡೆದುಬಂದ ದಾರಿ ಅದೇ. ಹೋಲ್ಟ್ ಕೌಂಟಿಯ ಓನೀಲ್ ಪಟ್ಟಣ ಜಾನ್ ಓನೀಲ್ 1874ರಲ್ಲಿ ಐರಿಶರನ್ನು ಕರೆತಂದು ಕಟ್ಟಿದ ವಸಾಹತು. ಅಂಥ ಕಡೆ ನೆಲೆಸಿದ ಅನೇಕರು ಹಡಗಿನಿಂದಿಳಿದು ನೇರ ಹೊಲಕ್ಕೆ ಬಂದವರಲ್ಲ, ಪೂರ್ವದ ರಾಜ್ಯಗಳಲ್ಲಿ ವರ್ಷಗಟ್ಟಲೆ ದುಡಿದು ಆಮೇಲೆ ಪಶ್ಚಿಮಕ್ಕೆ ಬಂದವರು. ಮೊದಲ ಮಗು ಹುಟ್ಟಿದ ಕಡೆಯೇ ಮದುವೆಯೂ ಆಗಿರುವ ಸಂಭವ ಹೆಚ್ಚು. ಆ ಊರಿನ ಕ್ಯಾಥೊಲಿಕ್ ಚರ್ಚಿನ ಮದುವೆ ಪುಸ್ತಕದಲ್ಲಿ ವಧೂವರರ ತಂದೆತಾಯಿಯ ಹೆಸರು, ಪಾದ್ರಿ ಶ್ರದ್ಧೆಯವರಾಗಿದ್ದರೆ ಐರ್ಲೆಂಡಿನ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಊರುಗಳ ವ್ಯಾಪ್ತಿ) ಯಾವುದೆಂಬುದು ಕೂಡ ಇರುತ್ತದೆ. ಕೌಂಟಿ ಕಚೇರಿಯ ಮದುವೆ ಪರವಾನಗಿಯಲ್ಲಿ ಇಷ್ಟು ವಿವರ ಸಾಮಾನ್ಯವಾಗಿ ಇರುವುದಿಲ್ಲ. ಅದು ಸಿಕ್ಕಿತೆಂದು ಚರ್ಚಿನದನ್ನು ಬಿಡಬೇಡಿ.

ಇನ್ನು ಜಮೀನು. 1862ರ ಹೋಮ್‌ಸ್ಟೆಡ್ ಕಾಯ್ದೆಯಂತೆ 160 ಎಕರೆ ಸರ್ಕಾರಿ ಭೂಮಿ ಪಡೆಯುವವರು ಐದು ವರ್ಷ ಅಲ್ಲೇ ವಾಸವಿದ್ದು ಸಾಗುವಳಿ ಮಾಡಬೇಕಿತ್ತು. ಅರ್ಜಿ ಹಾಕುವಾಗ ಪೌರತ್ವ ಇರಬೇಕು, ಇಲ್ಲವೇ ಪೌರತ್ವ ಪಡೆಯುವ ಇರಾದೆಯನ್ನು ನ್ಯಾಯಾಲಯದಲ್ಲಿ ದಾಖಲಿಸಿರಬೇಕು. ಹೀಗಾಗಿ ವಲಸಿಗ ರೈತನ ಹೋಮ್‌ಸ್ಟೆಡ್ ಕಡತದೊಳಗೆ ಪೌರತ್ವದ ಕಾಗದದ ನಕಲು ಇರುತ್ತದೆ. 1906ಕ್ಕೆ ಮುಂಚೆ ಕಲಾಪದ ದಾಖಲೆ ಇಡುವ ಯಾವ ನ್ಯಾಯಾಲಯದಲ್ಲಾದರೂ ಪೌರತ್ವ ಪಡೆಯಬಹುದಿತ್ತು. ಆ ನ್ಯಾಯಾಲಯ ಯಾವುದೆಂದು ನೇರವಾಗಿ ಹುಡುಕುವುದು ಬಹಳ ಕಷ್ಟ, ಕಡತವೇ ಅದನ್ನು ಹೇಳಿಬಿಡುತ್ತದೆ.

ಅಮೆರಿಕ ಸರ್ಕಾರದ ಭೂ ನಿರ್ವಹಣಾ ಬ್ಯೂರೋದ ಜನರಲ್ ಲ್ಯಾಂಡ್ ಆಫೀಸ್ ತಾಣದಲ್ಲಿ ರಾಜ್ಯ, ಕೌಂಟಿ, ಹೆಸರು ಕೊಟ್ಟು ಹುಡುಕಿದರೆ ಹಕ್ಕುಪತ್ರದ ಚಿತ್ರ ಉಚಿತವಾಗಿ ಸಿಗುತ್ತದೆ. ಬಹಳ ಮಂದಿ ಅಲ್ಲಿಗೇ ನಿಲ್ಲಿಸುತ್ತಾರೆ, ಆದರೆ ಹಕ್ಕುಪತ್ರದಲ್ಲಿ ವಂಶಕ್ಕೆ ಬೇಕಾದದ್ದು ಏನೂ ಇಲ್ಲ. ಅದರಿಂದ ಮೂರು ವಿವರ ಬರೆದುಕೊಳ್ಳಿ: ಲ್ಯಾಂಡ್ ಆಫೀಸಿನ ಹೆಸರು, ಅಂತಿಮ ಪ್ರಮಾಣಪತ್ರದ ಸಂಖ್ಯೆ, ಮತ್ತು ಜಮೀನಿನ ಗುರುತು. ಗುರುತೆಂದರೆ ಸೆಕ್ಷನ್, ಟೌನ್‌ಶಿಪ್, ರೇಂಜ್. ನಮ್ಮ ಸರ್ವೆ ನಂಬರ್ ಇದ್ದ ಹಾಗೆ. 640 ಎಕರೆಗೆ ಒಂದು ಸೆಕ್ಷನ್, 36 ಸೆಕ್ಷನ್‌ಗಳಿಗೆ ಒಂದು ಟೌನ್‌ಶಿಪ್. ಈ ಮೂರನ್ನು ಕೊಟ್ಟು ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲೆ ಸಂಗ್ರಹಾಲಯದಿಂದ ಪೂರ್ಣ ಕಡತದ ಪ್ರತಿ ತರಿಸಬೇಕು. ನೆಬ್ರಾಸ್ಕಾದ ಕಡತಗಳು ಡಿಜಿಟಲ್ ಆಗಿವೆ, ಹಣ ಕಟ್ಟುವ ಮೊದಲು ಅವುಗಳನ್ನು ನೋಡಿ.

ಕಡತದಲ್ಲಿ ಓದಬೇಕಾದದ್ದು ಕೊನೆಯ ಸಾಕ್ಷ್ಯದ ಹಾಳೆಗಳನ್ನು. ಮನೆ ಹುಲ್ಲುಹೆಂಟೆಯದೋ ಮರದ್ದೋ, ಎಷ್ಟು ಅಡಿ ಉದ್ದಗಲ, ಯಾವ ತಿಂಗಳು ವಾಸಕ್ಕೆ ಬಂದರು, ಎಷ್ಟು ಎಕರೆ ಉತ್ತರು, ಬಾವಿ ತೋಡಿದರೇ, ಮನೆಯಲ್ಲಿ ಎಷ್ಟು ಜನ ಎಂಬುದೆಲ್ಲ ಪ್ರಶ್ನೋತ್ತರವಾಗಿ ಇರುತ್ತದೆ. ಇಬ್ಬರು ನೆರೆಹೊರೆಯವರು ಪ್ರಮಾಣ ಮಾಡಿ ಸಾಕ್ಷಿ ಹೇಳಿರುತ್ತಾರೆ. ಆ ಇಬ್ಬರ ಹೆಸರನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ. ಐರಿಶರು ಹೆಚ್ಚಾಗಿ ಒಬ್ಬರ ಬೆನ್ನಿಗೆ ಒಬ್ಬರಂತೆ ಒಂದೇ ಪ್ಯಾರಿಷ್‌ನಿಂದ ಬಂದವರು. ನಿಮ್ಮ ಮರ್ಫಿಯವರ ಸಮಾಧಿಕಲ್ಲಿನಲ್ಲಿ 'ಐರ್ಲೆಂಡ್' ಎಂದಷ್ಟೇ ಇದ್ದು, ಸಾಕ್ಷಿ ಹೇಳಿದ ನೆರೆಯವರ ಕಲ್ಲಿನಲ್ಲಿ ಕೌಂಟಿ, ಪ್ಯಾರಿಷ್ ಎರಡೂ ಕೊರೆದಿರಬಹುದು. ಮದುವೆಯ ಸಾಕ್ಷಿಗಳು, ಮಕ್ಕಳ ಜ್ಞಾನಸ್ನಾನಕ್ಕೆ ನಿಂತವರು, ಅದೇ ಸ್ಮಶಾನದಲ್ಲಿ ಪಕ್ಕದಲ್ಲಿ ಮಲಗಿರುವವರು, ಇವರೆಲ್ಲರ ಮರಣವಾರ್ತೆಗಳನ್ನು ಹಳೆಯ ಪತ್ರಿಕೆಗಳಲ್ಲಿ ಹುಡುಕಿ. ಮರ್ಫಿಯಂಥ ಹೆಸರಿಗೆ ಇದಕ್ಕಿಂತ ನಂಬಿಕಸ್ಥ ದಾರಿ ಇಲ್ಲ.

ಹಕ್ಕುಪತ್ರವೇ ಸಿಗದಿದ್ದರೆ ಕಾರಣ ಬೇರೆ ಇರುತ್ತದೆ. ರೈಲ್ವೆ ಕಂಪನಿಯಿಂದಲೋ ಇನ್ನೊಬ್ಬ ರೈತನಿಂದಲೋ ಕೊಂಡಿದ್ದರೆ ಕ್ರಯಪತ್ರ ಕೌಂಟಿ ಕೋರ್ಟ್‌ಹೌಸಿನಲ್ಲಿದೆ. ಐದು ವರ್ಷ ಪೂರೈಸದೆ ಬಿಟ್ಟುಹೋಗಿದ್ದರೆ ಹಕ್ಕುಪತ್ರ ಹುಟ್ಟಿಯೇ ಇರುವುದಿಲ್ಲ, ಆದರೆ ಅರ್ಜಿಯ ನಮೂದು ಲ್ಯಾಂಡ್ ಆಫೀಸು ತುಂಡು ತುಂಡು ಜಮೀನಿನ ಲೆಕ್ಕ ಇಟ್ಟ ಟ್ರ್ಯಾಕ್ಟ್ ಬುಕ್‌ನಲ್ಲಿರುತ್ತದೆ. ಎಕರೆಗೆ 1.25 ಡಾಲರ್ ಕಟ್ಟಿ ಬೇಗ ಬಿಡಿಸಿಕೊಂಡಿದ್ದರೆ ಅದು ನಗದು ಮಾರಾಟದ ಪಟ್ಟಿಯಲ್ಲಿ ಸೇರಿರುತ್ತದೆ.

1890ರ ಜನಗಣತಿ 1921ರ ಬೆಂಕಿ ಅನಾಹುತದಿಂದಾಗಿ ಬಹುಪಾಲು ಕಳೆದುಹೋಗಿದೆ. ನೆಬ್ರಾಸ್ಕಾದಲ್ಲಿ 1885ರ ಗಣತಿ ಆ ಕೊರತೆ ಸ್ವಲ್ಪ ತುಂಬುತ್ತದೆ. 1880 ಮತ್ತು 1885ರ ಕೃಷಿ ಅನುಸೂಚಿಯಲ್ಲಿ (ಗಣತಿಯ ಜೊತೆ ತುಂಬಿದ ಬೇಸಾಯದ ಪಟ್ಟಿ) ಎಷ್ಟು ಹಸು, ಎಷ್ಟು ಪೌಂಡ್ ಬೆಣ್ಣೆ, ಎಷ್ಟು ಬುಷೆಲ್ ಮೆಕ್ಕೆಜೋಳ ಎಂಬುದೂ ಇದೆ. ಊರು ಹುಡುಕಲು ಅದು ನೆರವಾಗದು, ಆದರೆ ಮಕ್ಕಳಿಗೆ ಆ ಮನೆಯ ಬದುಕು ಕಣ್ಣಿಗೆ ಕಟ್ಟುತ್ತದೆ.

ಪ್ರಶ್ನೆ: ಹಡಗಿನ ಪಟ್ಟಿಯಲ್ಲಿ ಅದೇ ಹೆಸರಿನ ಮೂವರು ಸಿಕ್ಕಿದ್ದಾರೆ. ನಮ್ಮವರು ಯಾರೆಂದು ಹೇಗೆ ತಿಳಿಯುವುದು?

ಆ ಪಟ್ಟಿಯೊಂದರಿಂದಲೇ ತಿಳಿಯಲಾಗದು. 1820ರಿಂದ 1890ರ ದಶಕದ ಆರಂಭದವರೆಗಿನ ಪಟ್ಟಿಗಳಲ್ಲಿ ಹೆಸರು, ವಯಸ್ಸು, ಕಸುಬು, ದೇಶ ಇಷ್ಟೇ ಸಾಮಾನ್ಯ. ಊರು ಇಲ್ಲ, ತಂದೆಯ ಹೆಸರೂ ಇಲ್ಲ. ಜೊತೆಗೆ ಹೆಂಡತಿ ಮಕ್ಕಳಿದ್ದು ಎಲ್ಲರ ಹೆಸರು, ವಯಸ್ಸಿನ ಕ್ರಮ ಹೊಂದಿದರೆ ಮಾತ್ರ ಒಪ್ಪಿಕೊಳ್ಳಿ. 1900ರ ಜನಗಣತಿಯಲ್ಲಿ ವಲಸೆ ಬಂದ ವರ್ಷ ಕೇಳಿದ್ದಾರೆ. ಅದನ್ನೂ ಒಂದೆರಡು ವರ್ಷ ಹಿಂದೆ ಮುಂದೆ ಸರಿಸಿಯೇ ಓದಬೇಕು. ಅಗ್ಗದ ದರಕ್ಕೆ ಕ್ವಿಬೆಕ್ ಮಾರ್ಗವಾಗಿ ಬಂದವರು ಅನೇಕ, 1865ಕ್ಕೆ ಮುಂಚಿನ ಕೆನಡಾ ಪಟ್ಟಿಗಳು ಬಹುಪಾಲು ಉಳಿದಿಲ್ಲ. ನ್ಯೂಯಾರ್ಕಿನ ವಲಸೆ ತಪಾಸಣೆ ಕೇಂದ್ರವಾಗಿದ್ದ ಎಲ್ಲಿಸ್ ದ್ವೀಪದ ಅಧಿಕಾರಿಗಳು ಹೆಸರು ಬದಲಿಸಿದರು ಎಂಬ ಮಾತು ಮನೆಯಲ್ಲಿ ಕೇಳಿಬಂದರೆ ನಂಬಬೇಡಿ: ಆ ಕೇಂದ್ರ ತೆರೆದದ್ದೇ 1892ರಲ್ಲಿ, ಮತ್ತು ಅಲ್ಲಿನವರು ಹಡಗು ಹೊರಟ ಬಂದರಿನಲ್ಲಿ ಬರೆದ ಪಟ್ಟಿಯನ್ನೇ ಇಟ್ಟುಕೊಂಡು ಕೆಲಸ ಮಾಡುತ್ತಿದ್ದರು.

ಪ್ರಶ್ನೆ: ನಮಗೆ ಕೌಂಟಿ ಕಾರ್ಕ್‌ನ ಪ್ಯಾರಿಷ್ ಹೆಸರು ಸಿಕ್ಕಿದೆ. ಆದರೆ ಐರ್ಲೆಂಡಿನ ದಾಖಲೆಗಳೆಲ್ಲ ಸುಟ್ಟುಹೋಗಿವೆ ಎನ್ನುತ್ತಾರೆ. ಮುಂದೆ ದಾರಿ ಇದೆಯೇ?

ಇದೆ. 1922ರ ಜೂನ್ 30ರಂದು ಡಬ್ಲಿನ್ನಿನ ಫೋರ್ ಕೋರ್ಟ್ಸ್‌ನ ಸಾರ್ವಜನಿಕ ದಾಖಲೆ ಕಚೇರಿ ನಾಶವಾದಾಗ 1821ರಿಂದ 1851ರವರೆಗಿನ ಜನಗಣತಿಗಳ ಬಹುಪಾಲು, ಉಯಿಲುಗಳು, ಪ್ರಾಟೆಸ್ಟಂಟ್ ಪಂಗಡವಾದ ಚರ್ಚ್ ಆಫ್ ಐರ್ಲೆಂಡಿನ ಅನೇಕ ಪುಸ್ತಕಗಳು ಹೋದವು. ಕ್ಯಾಥೊಲಿಕ್ ಪುಸ್ತಕಗಳು ಆಯಾ ಚರ್ಚುಗಳಲ್ಲೇ ಇದ್ದದ್ದರಿಂದ ಉಳಿದವು. ಸುಮಾರು 1880ರವರೆಗಿನವನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಿಂದ ಉಚಿತವಾಗಿ ತೋರಿಸುತ್ತಿದೆ. ಹೆಸರುಗಳು ಅನೇಕ ಕಡೆ ಲ್ಯಾಟಿನ್‌ನಲ್ಲಿವೆ: ಜೇಮ್ಸ್ ಎಂಬುವನು ಜಾಕೋಬಸ್, ವಿಲಿಯಂ ಗುಲಿಯೆಲ್ಮಸ್. ಪಶ್ಚಿಮದ ಬಡ ಪ್ಯಾರಿಷ್‌ಗಳಲ್ಲಿ ಪುಸ್ತಕ ಶುರುವಾಗುವುದೇ ಎಷ್ಟೋ ಸಲ 1830ರ ನಂತರ. ನಿಮ್ಮ ಪ್ಯಾರಿಷ್‌ನ ಮೊದಲ ವರ್ಷ ಯಾವುದೆಂದು ನೋಡಿಕೊಂಡೇ ಹುಡುಕಾಟಕ್ಕೆ ಕೂರಿ.

ಪ್ಯಾರಿಷ್‌ಗಿಂತ ಕೆಳಗಿನದು ಟೌನ್‌ಲ್ಯಾಂಡ್. ಹೆಸರಲ್ಲಿ ಟೌನ್ ಇದ್ದರೂ ಅದು ಕೆಲವು ಹೊಲಮನೆಗಳ ತುಂಡು ನೆಲ. ದೇಶದಲ್ಲಿ ಇಂಥವು 60,000ಕ್ಕೂ ಹೆಚ್ಚು. ಜ್ಞಾನಸ್ನಾನದ ನಮೂದಿನಲ್ಲಿ ಅದರ ಹೆಸರಿದ್ದರೆ ಗ್ರಿಫಿತ್ ಮೌಲ್ಯಮಾಪನಕ್ಕೆ ಹೋಗಿ. 1847ರಿಂದ 1864ರ ನಡುವೆ ಪ್ರಕಟವಾದ ಈ ತೆರಿಗೆ ಪಟ್ಟಿಯಲ್ಲಿ ಪ್ರತಿ ಹಿಡುವಳಿಯ ಗೇಣಿದಾರ, ಒಡೆಯ, ವಿಸ್ತೀರ್ಣ, ನಕ್ಷೆಯ ಸಂಖ್ಯೆ ಇದೆ. ಒಂದೇ ಟೌನ್‌ಲ್ಯಾಂಡ್‌ನಲ್ಲಿ ಇಬ್ಬರು ಜಾನ್ ಮರ್ಫಿ ಇದ್ದರೆ ಗುರುತಿಗಾಗಿ ಒಬ್ಬನ ಮುಂದೆ ಆವರಣದಲ್ಲಿ 'ಪ್ಯಾಟ್' ಎಂದು ಬರೆದಿರುತ್ತಾರೆ. ಅದು ಹೆಚ್ಚಾಗಿ ತಂದೆಯ ಹೆಸರು, ನಿಮಗೆ ಸಿಗುವ ಇನ್ನೊಂದು ತಲೆಮಾರು. ಪಟ್ಟಿಯಲ್ಲಿರುವುದು ಹಿಡುವಳಿಯ ಯಜಮಾನ ಮಾತ್ರ. ಕೂಲಿಗಳು, ಮದುವೆಯಾಗದ ಗಂಡುಮಕ್ಕಳು ಇರುವುದಿಲ್ಲ, ಹಾಗಾಗಿ ವಲಸೆ ಹೋದವರ ಹೆಸರಿಗಿಂತ ಅವರ ತಂದೆಯ ಹೆಸರನ್ನು ಹುಡುಕಿ.

ಅದರ ಮುಂದುವರಿಕೆಯಾದ ಪರಿಷ್ಕರಣ ಪುಸ್ತಕಗಳನ್ನು ತಪ್ಪಿಸಬೇಡಿ. ಹಿಡುವಳಿ ಕೈಬದಲಾದಾಗ ಹಳೆಯ ಹೆಸರನ್ನು ಹೊಡೆದು, ಬೇರೆ ಬಣ್ಣದ ಶಾಯಿಯಲ್ಲಿ ಹೊಸ ಹೆಸರು ಬರೆದು, ಪಕ್ಕದಲ್ಲಿ ವರ್ಷ ಹಾಕಿದ್ದಾರೆ. ತಂದೆ ತೀರಿದ್ದು, ಅಣ್ಣ ಹೊಲ ಹಿಡಿದದ್ದು, ಕೆಲವೊಮ್ಮೆ ಮನೆ ಪಾಳುಬಿದ್ದದ್ದು ಇಲ್ಲಿ ಕಾಣುತ್ತದೆ.

ಜನನ, ಮರಣ, ಕ್ಯಾಥೊಲಿಕ್ ಮದುವೆಗಳ ಸರ್ಕಾರಿ ನೋಂದಣಿ ಶುರುವಾದದ್ದು 1864ರ ಜನವರಿ 1ರಂದು. ನಿಮ್ಮವರು ಅದಕ್ಕೂ ಮುಂಚೆ ಹೊರಟಿದ್ದರೂ ಊರಲ್ಲೇ ಉಳಿದ ತಂಗಿ ತಮ್ಮಂದಿರ ಮದುವೆ ನಮೂದಿನಲ್ಲಿ ತಂದೆಯ ಹೆಸರು, ಕಸುಬು, ವಧೂವರರ ವಾಸಸ್ಥಳ ಇರುತ್ತದೆ. ಈ ನಮೂದುಗಳು ಐರ್ಲೆಂಡ್ ಸರ್ಕಾರದ ವಂಶಾವಳಿ ತಾಣದಲ್ಲಿ ಉಚಿತ. ಆ ತಮ್ಮನ ಮನೆಯನ್ನು 1901, 1911ರ ಜನಗಣತಿಯಲ್ಲಿ ಹಿಡಿಯಬಹುದು.

ಪ್ರಶ್ನೆ: ಒಂದು ಕಡೆ ಸಲಿವನ್, ಇನ್ನೊಂದು ಕಡೆ ಓಸಲಿವನ್. ವಯಸ್ಸೂ ಹತ್ತು ವರ್ಷದಲ್ಲಿ ಏಳೇ ವರ್ಷ ಏರಿದೆ. ಇವರು ಬೇರೆಯವರೇ?

ಅಷ್ಟಕ್ಕೇ ಬೇರೆಯವರೆಂದು ತಳ್ಳಬೇಡಿ. 'ಓ', 'ಮ್ಯಾಕ್' ಬಿಡುವುದು, ಮತ್ತೆ ಸೇರಿಸುವುದು ಎರಡೂ ಸಾಮಾನ್ಯವಾಗಿತ್ತು. ಹುಡುಕುವಾಗ ಎರಡು ರೂಪವನ್ನೂ ಕೊಡಿ. ಹುಟ್ಟಿದ ದಿನ ನೆನಪಿಡದವರು ಅಂದಾಜಿನ ವಯಸ್ಸು ಹೇಳುತ್ತಿದ್ದರು, ಎಷ್ಟೋ ಸಲ ಗಣತಿಯವನಿಗೆ ಉತ್ತರ ಕೊಟ್ಟವರು ಮನೆಯ ಮಕ್ಕಳೋ ನೆರೆಯವರೋ ಆಗಿರುತ್ತಿದ್ದರು. ಹೆಂಡತಿಯ ಹೆಸರು, ಮಕ್ಕಳ ಹೆಸರಿನ ಸಾಲು, ಜಮೀನಿನ ಸೆಕ್ಷನ್ ಈ ಮೂರೂ ಕೂಡಿದರೆ ಅದೇ ಮನೆ. ಹೆಂಡತಿಯ ಹೆಸರೇ ಬೇರೆಯಾಗಿದ್ದರೆ ಎರಡನೇ ಮದುವೆಯ ದಾಖಲೆ ಇದೆಯೇ ಎಂದು ನೋಡಿ, ಅದು ಸಿಗುವವರೆಗೆ ಎರಡು ಮನೆಗಳನ್ನು ಒಂದೇ ವೃಕ್ಷಕ್ಕೆ ಕೂಡಿಸಬೇಡಿ.