ವಿಡಿಯೋ ಎಡಿಟಿಂಗ್: ಸೀರೆಯ ಕೆಂಪು ಕೆಂಪಾಗಿಯೇ ಕಾಣಬೇಕಾದರೆ

ತಮ್ಮ ಸರಕಿನ ವಿಡಿಯೋವನ್ನು ತಾವೇ ಎಡಿಟ್ ಮಾಡಿಕೊಳ್ಳುವ ವ್ಯಾಪಾರಿಗಳು ಕೇಳಿರುವ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ. ಉತ್ತರಗಳಲ್ಲಿ ಬರುವ ವಿಡಿಯೋ ಎಡಿಟಿಂಗ್‌ನ ಡಾವಿಂಚಿ ರಿಸಾಲ್ವ್, ಧ್ವನಿ ತಿದ್ದುವ ಆಡಾಸಿಟಿ, ವಿಡಿಯೋ ಫೈಲ್ ಪರಿವರ್ತಿಸುವ ಹ್ಯಾಂಡ್‌ಬ್ರೇಕ್ ಮೂರೂ ಉಚಿತವಾಗಿ ಸಿಗುತ್ತವೆ.

ನಮ್ಮದು ಇಳಕಲ್ ಸೀರೆ ಅಂಗಡಿ. ಮೊಬೈಲ್‌ನಲ್ಲಿ ತೆಗೆದ ವಿಡಿಯೋ ಇನ್‌ಸ್ಟಾಗ್ರಾಂಗೆ ಹಾಕುತ್ತೇವೆ. ಆರ್ಡರ್ ಬರುತ್ತವೆ, ಆದರೆ "ವಿಡಿಯೋದಾಗಿನ ಬಣ್ಣ ಬ್ಯಾರೆ, ಬಂದ ಸೀರಿ ಬ್ಯಾರೆ" ಅಂತ ವಾಪಸ್ಸೂ ಬರುತ್ತವೆ. ಕೆಂಪು ಸೆರಗಂತೂ ನೇಯ್ಗೆಯೇ ಕಾಣದೆ ಒಂದು ಮುದ್ದೆಯ ಹಾಗಿರುತ್ತದೆ. ಎಡಿಟಿಂಗ್‌ನಲ್ಲಿ ಸರಿಮಾಡಬಹುದೇ?
— ಸೀರೆ ವ್ಯಾಪಾರಿ, ಇಳಕಲ್

ಬಣ್ಣದ ಛಾಯೆಯನ್ನು ಎಡಿಟಿಂಗ್‌ನಲ್ಲಿ ಸರಿಮಾಡಬಹುದು. ಮುದ್ದೆಯಾದ ಸೆರಗನ್ನು ಬಿಡಿಸಿ ತೋರಿಸಲು ಆಗುವುದಿಲ್ಲ, ಅದು ಚಿತ್ರೀಕರಣದಲ್ಲೇ ಸರಿಹೋಗಬೇಕು.

ಮೊದಲು ಅಂಗಡಿಯ ಬೆಳಕನ್ನು ನೋಡಿ. ಬಾಗಿಲಿನಿಂದ ಹಗಲು ಬೆಳಕು, ಮೇಲಿನಿಂದ ಎಲ್‌ಇಡಿ ಬೆಳಕು ಎರಡೂ ಬಿದ್ದರೆ ಒಂದೇ ಸೀರೆಯ ಎರಡು ಮಡಿಕೆಗೆ ಎರಡು ಬಣ್ಣ ಬರುತ್ತದೆ. ಇದನ್ನು ಯಾವ ಸಾಫ್ಟ್‌ವೇರೂ ಪೂರ್ತಿ ತೆಗೆಯದು. ಬಲ್ಬಿನ ಡಬ್ಬದ ಮೇಲೆ ಸಿಆರ್‌ಐ 80 ಎಂದು ಬರೆದಿರುತ್ತದಲ್ಲ, ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬ ಆ ಅಂಕಿ ಎಂಟು ತಿಳಿ ಬಣ್ಣಗಳ ಮೇಲೆ ತೆಗೆದ ಸರಾಸರಿ. ಗಾಢ ಕೆಂಪು ಆ ಎಂಟರಲ್ಲಿ ಇಲ್ಲ. ಅದಕ್ಕೆ ಆರ್9 ಎಂಬ ಬೇರೆ ಅಳತೆಯಿದೆ, ಅಗ್ಗದ ಎಲ್‌ಇಡಿಗಳಲ್ಲಿ ಅದು ಸೊನ್ನೆಯ ಹತ್ತಿರವೂ ಇರಬಹುದು. ಅಂಥ ಬೆಳಕಿನಲ್ಲಿ ಕೆಂಪು ಕಂದಾಗುತ್ತದೆ. ಆಮೇಲೆ ಎಡಿಟಿಂಗ್‌ನಲ್ಲಿ ಕೆಂಪನ್ನು ಮೇಲೆತ್ತಿದರೆ ತೋರಿಸುವವರ ಮುಖವೂ ಕೆಂಪಾಗುತ್ತದೆ, ಸೀರೆ ಮಾತ್ರ ಸರಿಯಾಗುವುದಿಲ್ಲ. ಆದ್ದರಿಂದ ದೀಪಗಳನ್ನೆಲ್ಲ ಆರಿಸಿ, ನೇರ ಬಿಸಿಲು ಬೀಳದ ಬಾಗಿಲ ಪಕ್ಕದಲ್ಲಿ ತೆಗೆಯಿರಿ. ದೀಪ ಬೇಕೇಬೇಕು ಅಂದರೆ ಸಿಆರ್‌ಐ 95ಕ್ಕಿಂತ ಹೆಚ್ಚಿದ್ದು ಆರ್9 ಅಂಕಿಯನ್ನೂ ನಮೂದಿಸಿರುವ ಲೈಟ್ ಕೊಳ್ಳಿ.

ಮೊಬೈಲ್ ಪ್ರತಿ ಸೀರೆಗೂ ವೈಟ್ ಬ್ಯಾಲೆನ್ಸನ್ನು (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವುದನ್ನು) ತಾನೇ ಬದಲಿಸಿಕೊಳ್ಳುತ್ತದೆ. ಕೆಂಪು ಸೀರೆ ಚೌಕಟ್ಟು ತುಂಬಿದರೆ "ಬೆಳಕೇ ಕೆಂಪಿದೆ" ಎಂದುಕೊಂಡು ನೀಲಿಯತ್ತ ಎಳೆಯುತ್ತದೆ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಎಂಬ ಉಚಿತ ಆಪ್‌ನಲ್ಲೋ ಮೊಬೈಲ್‌ನ ಪ್ರೋ ಮೋಡ್‌ನಲ್ಲೋ ವೈಟ್ ಬ್ಯಾಲೆನ್ಸನ್ನು ಹಗಲು ಬೆಳಕಿನ ಮಟ್ಟವಾದ 5600 ಕೆಲ್ವಿನ್‌ಗೆ ಲಾಕ್ ಮಾಡಿ. ಐಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಎಚ್‌ಡಿಆರ್ ವಿಡಿಯೋ ಆಫ್ ಮಾಡಿ. ಅದು ಆನ್ ಇದ್ದು, ಕ್ಲಿಪ್ ಪರಿವರ್ತನೆಯಾಗದೆ ಸಾಮಾನ್ಯ ಟೈಮ್‌ಲೈನ್‌ಗೆ ಬಂದರೆ ಬಣ್ಣ ಬಿಳಿಚಿಕೊಳ್ಳುತ್ತದೆ ಅಥವಾ ಉರಿದ ಹಾಗಾಗುತ್ತದೆ. ಸೀರೆ ತೆರೆಯುವ ಮೊದಲು ಒಂದು ಬೂದು ಕಾರ್ಡನ್ನು ಅದೇ ಜಾಗದಲ್ಲಿ ಹಿಡಿದು ಮೂರು ಸೆಕೆಂಡ್ ತೆಗೆಯಿರಿ. ಬಿಳಿ ಎ4 ಹಾಳೆ ಬೇಡ, ಅದರಲ್ಲಿ ಹೊಳಪಿಗೆಂದು ನೀಲಿ ಛಾಯೆಯ ರಾಸಾಯನಿಕ ಬೆರೆಸಿರುತ್ತಾರೆ.

ಇನ್ನು ಮುದ್ದೆಯಾಗುವ ಸೆರಗು. ಇಳಕಲ್‌ನ ಸಾಂಪ್ರದಾಯಿಕ ಟೋಪ ತೆನಿ ಸೆರಗಿನ ಗಾಢ ಕೆಂಪು ರೇಷ್ಮೆಯಿಂದ ಕ್ಯಾಮೆರಾದ ಕೆಂಪು ಚಾನೆಲ್‌ಗೆ ಹೆಚ್ಚು ಬೆಳಕು ಹೋಗುತ್ತದೆ, ಹಸಿರು–ನೀಲಿಗೆ ಬಹಳ ಕಡಿಮೆ. ಒಟ್ಟು ಬೆಳಕು ಸರಿ ಇದ್ದ ಹಾಗೆ ಕಂಡರೂ ಕೆಂಪು ಚಾನೆಲ್ ಮಾತ್ರ ತುಂಬಿ ಚೆಲ್ಲಿರುತ್ತದೆ. ರಿಸಾಲ್ವ್‌ನ ಕಲರ್ ಪುಟದಲ್ಲಿ ಸ್ಕೋಪ್ಸ್ ತೆರೆದು, ಕೆಂಪು, ಹಸಿರು, ನೀಲಿಯ ಮಟ್ಟವನ್ನು ಬೇರೆ ಬೇರೆ ಪಟ್ಟಿಯಾಗಿ ತೋರಿಸುವ ಪರೇಡ್ ಆರಿಸಿ. ಕೆಂಪು ಪಟ್ಟಿಯ ತಲೆ ಗರಿಷ್ಠ ಮಟ್ಟವಾದ 1023ರ ಗೆರೆಗೆ ತಾಗಿ ಚಪ್ಪಟೆಯಾಗಿದ್ದರೆ ಅಲ್ಲಿನ ಎಳೆಗಳ ವಿವರ ದಾಖಲಾಗಿಯೇ ಇಲ್ಲ ಎಂದರ್ಥ. ಮುಂದಿನ ಸಲ ಎಕ್ಸ್‌ಪೋಷರ್ ಅರ್ಧದಿಂದ ಮುಕ್ಕಾಲು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ಇಳಿಸಿ ತೆಗೆಯಿರಿ. ಚಿತ್ರ ತುಸು ಮಂಕಾಗಿ ಕಂಡರೂ ಎಡಿಟಿಂಗ್‌ನಲ್ಲಿ ಮೇಲೆತ್ತಿಕೊಳ್ಳಬಹುದು.

ಎಡಿಟಿಂಗ್‌ನಲ್ಲಿ ಮೂರು ನೋಡ್, ಅಂದರೆ ಬಣ್ಣ ತಿದ್ದುವ ಮೂರು ಹಂತ ಸಾಕು. ಒಂದನೆಯದರಲ್ಲಿ ವೈಟ್ ಬ್ಯಾಲೆನ್ಸ್ ಪಿಕ್ಕರ್‌ನಿಂದ ಬೂದು ಕಾರ್ಡಿನ ಮೇಲೆ ಕ್ಲಿಕ್ ಮಾಡಿ. ಪರೇಡ್‌ನಲ್ಲಿ ಕಾರ್ಡಿನ ಮೂರೂ ಬಣ್ಣದ ಪಟ್ಟಿ ಒಂದೇ ಎತ್ತರಕ್ಕೆ ಬರಬೇಕು. ಎರಡನೆಯದರಲ್ಲಿ ಬೆಳಕು, ಕಾಂಟ್ರಾಸ್ಟ್. ಮೂರನೆಯದು ಸ್ಯಾಚುರೇಷನ್, ಅಂದರೆ ಬಣ್ಣದ ಗಾಢತೆ. ಅದು 50ರಲ್ಲಿರುತ್ತದೆ, ಸೀರೆಯ ವಿಡಿಯೋದಲ್ಲಿ 55 ದಾಟಿಸಬೇಡಿ. ನಿಮ್ಮ ಬಣ್ಣ ಕೆಡುತ್ತಿರುವುದು ಬಹುಶಃ ಇಲ್ಲೇ, ಅಥವಾ ಆಪ್‌ನ ಫಿಲ್ಟರ್‌ನಲ್ಲಿ. ಕೊನೆಗೆ ಸೀರೆಯನ್ನು ಪರದೆಯ ಪಕ್ಕ ಹಗಲು ಬೆಳಕಿನಲ್ಲಿ ಹಿಡಿದು ಹೋಲಿಸಿ. ಸರಿಹೊಂದಿದ ಮೇಲೆ ಈ ಬಣ್ಣದ ಹೊಂದಾಣಿಕೆಯನ್ನು ಸ್ಟಿಲ್ ಆಗಿ ಉಳಿಸಿಕೊಂಡು, ಅದೇ ಬೆಳಕಿನಲ್ಲಿ ತೆಗೆದ ಉಳಿದ ಕ್ಲಿಪ್‌ಗಳಿಗೂ ಅದನ್ನೇ ಹಚ್ಚಿ.

ನೋಡುವವರ ಮೊಬೈಲ್ ಪರದೆಗಳು ಒಂದೊಂದು ಥರ. ಅದಕ್ಕೆ ಒಂದು ಉಪಾಯ: ಸೀರೆಯ ಪಕ್ಕದಲ್ಲಿ ಎಲ್ಲರಿಗೂ ಗೊತ್ತಿರುವ ಬಣ್ಣದ ವಸ್ತು ಇಡಿ. ವೀಳ್ಯದೆಲೆಯಾದರೆ ಚೆನ್ನ. ಎಲೆ ವಿಪರೀತ ಹಸಿರಾಗಿ ಕಂಡರೆ ತಮ್ಮ ಪರದೆಯೇ ಬಣ್ಣ ಏರಿಸುತ್ತಿದೆ ಎಂದು ಗಿರಾಕಿಗೇ ತಿಳಿಯುತ್ತದೆ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಪವರ್‌ಲೂಮ್ ಸೀರೆಯ ವಿಡಿಯೋಗೆ ಗುಂಡಿ ಮಗ್ಗದ (ಕೈಮಗ್ಗದ) ಶಾಟ್ ಸೇರಿಸಬೇಡಿ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ನೇಯುವ ಕೆಲಸಕ್ಕೆ ಸಿಗಬೇಕಾದ ಬೆಲೆಯನ್ನು ಆ ಒಂದು ಕಟ್ ಕಸಿಯುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರವೂ ಸರಕಿನ ಬಗ್ಗೆ ಸುಳ್ಳು ಚಿತ್ರಣ ಕೊಡುವುದು ದಾರಿತಪ್ಪಿಸುವ ಜಾಹೀರಾತೇ.

ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇವೆ. ಒಂದೂವರೆ ನಿಮಿಷದ ವಿಡಿಯೋ: ಲೋಗೋ ತಿರುಗುತ್ತಾ ಬರುತ್ತದೆ, ಆಮೇಲೆ ನಮ್ಮ ಪರಿಚಯ, ಆಮೇಲೆ ಮಾಡುವ ವಿಧಾನ. ಹತ್ತು ಸೆಕೆಂಡ್ ಒಳಗೇ ಬಹಳ ಜನ ಬಿಟ್ಟು ಹೋಗುತ್ತಾರೆ. ಏನು ಮಾಡೋಣ?
— ಗೃಹ ಉದ್ಯಮದವರು, ಸಾಗರ

ತಿರುಗುವ ಲೋಗೋವನ್ನು ಇವತ್ತೇ ತೆಗೆದುಹಾಕಿ. ನಿಮ್ಮ ಹೆಸರು ಇನ್ನೂ ಗೊತ್ತಿಲ್ಲದವರಿಗೆ ಅದು ಏನನ್ನೂ ಹೇಳುವುದಿಲ್ಲ. ಯೂಟ್ಯೂಬ್‌ನಲ್ಲಿ ಅದನ್ನೇ ಜಾಹೀರಾತಾಗಿ ಓಡಿಸಿದರೆ ಸ್ಕಿಪ್ ಬಟನ್ 5 ಸೆಕೆಂಡಿಗೆ ಬರುತ್ತದೆ, ಆ ಹೊತ್ತಿಗೆ ಮಾವಿನಮಿಡಿ ಇನ್ನೂ ಕಂಡೇ ಇರುವುದಿಲ್ಲ.

ಮೊದಲ ಶಾಟ್ ಹೀಗಿರಲಿ: ಬೆರಳುಗಳ ನಡುವೆ ಎಳೆ ಮಿಡಿ, ಕ್ಲೋಸ್‌ಅಪ್. ತೊಟ್ಟು ಮುರಿದಾಗ ಸೊನೆ ಚಿಮ್ಮಬೇಕು. ಹಿಂದಿನಿಂದ, ಪಕ್ಕಕ್ಕೆ ಬೆಳಕು ಬಿದ್ದರೆ ಸೊನೆಯ ಹನಿ ಮಿನುಗುತ್ತದೆ. ಕಟ್ ಶುರುವಾಗಬೇಕಾದದ್ದು ತೊಟ್ಟು ಮುರಿಯುವ 8–10 ಫ್ರೇಮ್ (ಸುಮಾರು ಸೆಕೆಂಡಿನ ಮೂರನೇ ಒಂದು ಭಾಗ) ಮೊದಲು, ಕೈ ಮಿಡಿಯನ್ನು ಎತ್ತಿಕೊಳ್ಳುವಲ್ಲಿಂದ ಅಲ್ಲ. ಮನೆಯ ವಿಡಿಯೋಗಳು ಎಳೆದಂತೆ ಕಾಣುವುದಕ್ಕೆ ಮುಖ್ಯ ಕಾರಣ ಇದೇ: ಪ್ರತಿ ಕೆಲಸದ ಮೊದಲ ತಯಾರಿ, ಕೊನೆಯ ವಿರಾಮ ಎರಡನ್ನೂ ಇಟ್ಟುಕೊಂಡಿರುತ್ತಾರೆ.

ನಿಮ್ಮ ಸರಕಿಗೆ ಹೇಳಿ ಮಾಡಿಸಿದ್ದು ಮ್ಯಾಚ್ ಕಟ್. ಅಂಗೈ ಮೇಲೆ ಹಸಿರು ತುಂಬು ಮಿಡಿ. ಮರುಕ್ಷಣ ಅದೇ ಅಂಗೈ ಮೇಲೆ ಉಪ್ಪಿನಲ್ಲಿ ಚಿರುಟಿದ ಮಿಡಿ. ವಾರಗಟ್ಟಲೆಯ ಕಾಯುವಿಕೆಯನ್ನು ಮಾತಿಲ್ಲದೆ ತೋರಿಸಬಹುದು. ಮಿಡಿಯ ಕಾಲದಲ್ಲೇ ಮೊದಲನೆಯದನ್ನು ತೆಗೆದಿಟ್ಟು, ಕ್ಯಾಮೆರಾ ಎಷ್ಟು ದೂರ, ಎಷ್ಟು ಎತ್ತರದಲ್ಲಿತ್ತು, ಎಷ್ಟು ಹೊತ್ತಿನ ಬೆಳಕು ಎಂದು ಬರೆದುಕೊಳ್ಳಿ. ಎಡಿಟಿಂಗ್‌ನಲ್ಲಿ ಎರಡನೆಯ ಕ್ಲಿಪ್ಪನ್ನು ಮೊದಲನೆಯದರ ಮೇಲಿಟ್ಟು ಒಪಾಸಿಟಿ 50ಕ್ಕೆ ಇಳಿಸಿ. ಎರಡು ಅಂಗೈಗಳ ಅಂಚು ಕೂಡುವವರೆಗೆ ಪೊಸಿಷನ್, ಜೂಮ್ ಸರಿಸಿ. ಆಮೇಲೆ ಒಪಾಸಿಟಿಯನ್ನು 100ಕ್ಕೆ ಮರಳಿಸಿ ಕತ್ತರಿಸಿ. ಒಂದು ಚಿತ್ರ ಇನ್ನೊಂದರಲ್ಲಿ ಕರಗುವ ಡಿಸಾಲ್ವ್ ಹಾಕಬೇಡಿ, ನೇರ ಕಟ್ಟಿಗೇ ಅದರ ಬಲ.

ಶಬ್ದವನ್ನು ಚಿತ್ರಕ್ಕಿಂತ ಮುಂಚೆ ಬಿಡುವ ಜೆ-ಕಟ್ ಕೂಡ ಬಳಸಿ. ಮಿಡಿಗಳು ಜಾಡಿಗೆ ಬೀಳುವ ಸದ್ದು 10–12 ಫ್ರೇಮ್ ಮೊದಲೇ ಕೇಳಿಸಲಿ, ಆಮೇಲೆ ಜಾಡಿ ಕಾಣಲಿ. ಕಟ್ ಆದದ್ದೇ ಗೊತ್ತಾಗುವುದಿಲ್ಲ.

ಒಟ್ಟು 30–35 ಸೆಕೆಂಡ್ ಸಾಕು. ಬಾಟಲಿಯ ಲೇಬಲ್ ಮೊದಲ ಐದು ಸೆಕೆಂಡಿನೊಳಗೆ ಒಮ್ಮೆ ಫೋಕಸ್‌ನಲ್ಲಿ ಬರಲಿ, ಅದೇ ನಿಮ್ಮ ಲೋಗೋ. ಕೊನೆಗೆ ಎರಡು ಸೆಕೆಂಡ್ ಒಂದೇ ಮಾದರಿಯ ಕಾರ್ಡ್: ಹೆಸರು, ತೂಕ, ಬೆಲೆ, ಆರ್ಡರ್ ನಂಬರ್. ಅಕ್ಷರದ ವಿನ್ಯಾಸ, ಬಣ್ಣ ಎಲ್ಲ ವಿಡಿಯೋದಲ್ಲೂ ಅವೇ ಇರಬೇಕು. ಹಾಕಿದ ಮೇಲೆ ಯೂಟ್ಯೂಬ್ ಸ್ಟುಡಿಯೋದಲ್ಲಿ ಪ್ರೇಕ್ಷಕರು ಎಲ್ಲಿಯವರೆಗೆ ಉಳಿದರು ಎಂಬ ರೇಖೆ ನೋಡಿ. ನಿಧಾನವಾಗಿ ಇಳಿದರೆ ಸಹಜ. ಒಂದು ಕಡೆ ಧೊಪ್ಪನೆ ಬಿದ್ದಿದ್ದರೆ ಆ ಸೆಕೆಂಡಿನ ಶಾಟ್ ತೆಗೆಯಿರಿ. ಉಬ್ಬಿದ್ದರೆ ಜನ ಅಲ್ಲಿ ಮತ್ತೆ ನೋಡಿದ್ದಾರೆ, ಮುಂದಿನ ವಿಡಿಯೋ ಅಂಥ ಶಾಟ್‌ನಿಂದಲೇ ಶುರುವಾಗಲಿ.

ವಿಡಿಯೋದಲ್ಲಿ ಕನ್ನಡ ಬರೆದರೆ ಒತ್ತಕ್ಷರಗಳು ಒಡೆದು ಹೋಗುತ್ತವೆ. ಕೆಲವೊಮ್ಮೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ ಬರುತ್ತವೆ. ಗಿರಾಕಿಗಳು ನಗುತ್ತಾರೆ.
— ಜಾಹೀರಾತು ವಿನ್ಯಾಸಕರು, ಧಾರವಾಡ

ಎರಡು ಬೇರೆ ಬೇರೆ ದೋಷಗಳಿವು. ಇಂಗ್ಲಿಷ್ ಅಕ್ಷರ ಬಂದರೆ ನೀವು ಅಂಟಿಸಿದ್ದು ಹಳೆಯ "ನುಡಿ" ಅಥವಾ "ಬರಹ" ಸಾಫ್ಟ್‌ವೇರಿನ ಯೂನಿಕೋಡ್ ಅಲ್ಲದ ಪಠ್ಯ. ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಿಸಿ, ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಇಂಥ ಫಾಂಟ್ ಹಾಕಿ. ಮೂರೂ ಉಚಿತ.

ಒತ್ತು ಪಕ್ಕಕ್ಕೆ ಬಂದು ಕೂತರೆ ಅದು ಸಾಫ್ಟ್‌ವೇರಿನ ಟೆಕ್ಸ್ಟ್ ಎಂಜಿನ್ ಸಮಸ್ಯೆ. ಪ್ರೀಮಿಯರ್ ಪ್ರೋದಲ್ಲಿ ಪ್ರಿಫರೆನ್ಸಸ್, ಗ್ರಾಫಿಕ್ಸ್‌ಗೆ ಹೋಗಿ ಟೆಕ್ಸ್ಟ್ ಎಂಜಿನ್ ಅನ್ನು "ಸೌತ್ ಏಷ್ಯನ್ ಆ್ಯಂಡ್ ಮಿಡಲ್ ಈಸ್ಟರ್ನ್" ಎಂದು ಬದಲಿಸಿ, ಹಳೆಯ ಪಠ್ಯ ಅಳಿಸಿ ಹೊಸದಾಗಿ ಬರೆಯಿರಿ. ಪರೀಕ್ಷೆಗೆ "ಶಾಸ್ತ್ರ, ಕರ್ನಾಟಕ, ಸ್ತ್ರೀ, ಆನ್‌ಲೈನ್" ಎಂದು ಬರೆದು ನೋಡಿ. ಕೊನೆಯ ಪದದಲ್ಲಿ ನ್ ಮತ್ತು ಲೈ ಕೂಡಿಕೊಂಡರೆ ನಡುವಿನ ಅಗೋಚರ ಚಿಹ್ನೆ ಬಿದ್ದುಹೋಗಿದೆ, ಕೀಲಿಮಣೆಯಿಂದ ಮತ್ತೆ ಸೇರಿಸಿ. ಯಾವುದಕ್ಕೂ ಬಗ್ಗದ ಸಾಫ್ಟ್‌ವೇರ್ ಆದರೆ ಬರಹವನ್ನು ಬೇರೆ ಕಡೆ ತಯಾರಿಸಿ, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ಮೇಲಿನ ಟ್ರ್ಯಾಕಿನಲ್ಲಿಡಿ.

ಇಂಗ್ಲಿಷಿಗೆಂದು ಮಾಡಿದ ಟೆಂಪ್ಲೇಟುಗಳು ಕನ್ನಡಕ್ಕೆ ಒಗ್ಗುವುದಿಲ್ಲ. ಒಂದೊಂದೇ ಅಕ್ಷರ ಮೂಡಿಬರುವ ಅನಿಮೇಷನ್‌ನಲ್ಲಿ "ಸ್ತ್ರೀ" ಮೊದಲು "ಸ್", ಆಮೇಲೆ "ಸ್ತ್" ಆಗಿ ಕುಣಿಯುತ್ತದೆ. ಪದ ಪದವಾಗಿ ಮೂಡಿಸಿ. ಅಕ್ಷರಗಳ ನಡುವಿನ ಅಂತರ ಸೊನ್ನೆಯಲ್ಲೇ ಇರಲಿ. ಸಾಲುಗಳ ಅಂತರ ಅಕ್ಷರ ಗಾತ್ರದ ಒಂದೂವರೆ ಪಟ್ಟು ಬೇಕು, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ದಪ್ಪ ಔಟ್‌ಲೈನ್ ಒತ್ತಕ್ಷರದ ಒಳಗಿನ ಖಾಲಿ ಜಾಗವನ್ನು ನುಂಗುತ್ತದೆ, ಅದರ ಬದಲು ಅರೆಪಾರದರ್ಶಕ ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರ ಇಡಿ. ರೀಲ್ಸ್ ಜಾಹೀರಾತಿಗೆ ಮೆಟಾ ಹೇಳುವ ಸುರಕ್ಷಿತ ಜಾಗ ನೆನಪಿರಲಿ: ಮೇಲೆ ಶೇ 14, ಕೆಳಗೆ ಶೇ 35, ಎರಡೂ ಬದಿ ಶೇ 6 ಖಾಲಿ. 1080×1920 ಚೌಕಟ್ಟಿನಲ್ಲಿ ಅದು ಮೇಲೆ ಸುಮಾರು 270, ಕೆಳಗೆ 670, ಬದಿಗೆ 65 ಪಿಕ್ಸೆಲ್.

ಮರದ ಗಾಣದ ಪಕ್ಕ ನಿಂತು ಮಾತಾಡಿದರೆ ಮಾತೇ ಕೇಳುವುದಿಲ್ಲ. ನಾಯ್ಸ್ ತೆಗೆದರೆ ನೀರಿನೊಳಗಿಂದ ಮಾತಾಡಿದ ಹಾಗಾಗುತ್ತದೆ.
— ಎಣ್ಣೆ ಉತ್ಪಾದಕರು, ತಿಪಟೂರು

ಗಾಣದ ಸದ್ದು ಉಳಿಯಲಿ, ಗಿರಾಕಿ ನಂಬುವುದು ಅದನ್ನೇ. ಮಾತನ್ನು ಮಾತ್ರ ಬೇರೆ ಕಡೆ, ದಪ್ಪ ಬಟ್ಟೆಗಳಿರುವ ಕೋಣೆಯಲ್ಲಿ, ಬಾಯಿಯಿಂದ ಒಂದು ಗೇಣು ದೂರ ಮೈಕ್ ಇಟ್ಟು ರೆಕಾರ್ಡ್ ಮಾಡಿ ಮೇಲೆ ಹಾಕಿ. ಸ್ಥಳದಲ್ಲೇ ಮಾತಾಡಬೇಕಾದರೆ ಕಾಲರ್ ಮೈಕ್ ಬಳಸಿ, ಮೊದಲು 20 ಸೆಕೆಂಡ್ ಬರೀ ಗಾಣದ ಸದ್ದು ಹಿಡಿದುಕೊಳ್ಳಿ. ಆಡಾಸಿಟಿಯಲ್ಲಿ ಅಷ್ಟು ಭಾಗ ಆಯ್ದು ನಾಯ್ಸ್ ಪ್ರೊಫೈಲ್ ತೆಗೆದು, ಆಮೇಲೆ 6–8 ಡೆಸಿಬಲ್ ಮಾತ್ರ ಇಳಿಸಿ. 20 ಇಳಿಸಲು ಹೋದರೆ ಮಾತಿನ ಅಂಶವೂ ಹೋಗಿ ನೀವು ಹೇಳುವ ನೀರೊಳಗಿನ ಧ್ವನಿ ಬರುತ್ತದೆ. ಮಾತಿನ ಟ್ರ್ಯಾಕಿಗೆ 80–100 ಹರ್ಟ್ಜ್‌ಗೆ ಹೈ-ಪಾಸ್ (ಅದಕ್ಕಿಂತ ಕೆಳಗಿನ ಸದ್ದು ತಡೆಯುವ ಫಿಲ್ಟರ್) ಹಾಕಿ. ಗಾಣದ ಆ ಗುಡುಗು ಮೊಬೈಲ್ ಸ್ಪೀಕರಿನಲ್ಲಿ ಹೇಗೂ ಕೇಳಿಸದು, ಮಾತಿಗಿರುವ ಜಾಗ ಮಾತ್ರ ತಿನ್ನುತ್ತದೆ. ಹಿನ್ನೆಲೆ ಸಂಗೀತ ಮಾತಿಗಿಂತ 18–20 ಡೆಸಿಬಲ್ ಕೆಳಗಿರಲಿ. ಒಟ್ಟು ಧ್ವನಿಮಟ್ಟ (ಅದರ ಅಳತೆ ಎಲ್‌ಯುಎಫ್‌ಎಸ್) ಸುಮಾರು -14 ಎಲ್‌ಯುಎಫ್‌ಎಸ್, ಶಿಖರ -1 ಡೆಸಿಬಲ್. ಯೂಟ್ಯೂಬ್ ಅದಕ್ಕಿಂತ ಜೋರಿದ್ದರೆ ತಗ್ಗಿಸುತ್ತದೆ, ಸಣ್ಣದಿದ್ದರೆ ಏರಿಸುವುದಿಲ್ಲ.

ಸಿನಿಮಾ ಹಾಡಿನ ಏಳು ಸೆಕೆಂಡ್ ಬಳಸಿದರೆ ತೊಂದರೆಯಿಲ್ಲವಂತೆ, ನಿಜವೇ?
— ಬೇಕರಿ ಮಾಲೀಕರು, ಹಾಸನ

ನಿಜವಲ್ಲ. ಏಳು ಸೆಕೆಂಡಿನ ವಿನಾಯಿತಿ ಭಾರತದ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಇಲ್ಲ. ಹೆಸರು ಹಾಕಿದರೂ ಅನುಮತಿ ಸಿಕ್ಕಂತಾಗುವುದಿಲ್ಲ. ಧ್ವನಿಮುದ್ರಣಕ್ಕೆ ಒಂದು ಹಕ್ಕು, ಸಾಹಿತ್ಯ–ರಾಗಕ್ಕೆ ಬೇರೆ ಹಕ್ಕು. ಜಾಹೀರಾತಿಗೆ ಎರಡೂ ಬೇಕು. ಯೂಟ್ಯೂಬ್ ಆಡಿಯೋ ಲೈಬ್ರರಿ ಅಥವಾ ಮೆಟಾ ಸೌಂಡ್ ಕಲೆಕ್ಷನ್ ನೋಡಿ, ಪ್ರತಿಯೊಂದರ ಷರತ್ತು ಓದಿಕೊಂಡು ಬಳಸಿ.

ಚನ್ನಪಟ್ಟಣದ ಗೊಂಬೆ ಮಾಡುವ ವಿಡಿಯೋವನ್ನು ಯೂಟ್ಯೂಬ್‌ಗೆ ಅಡ್ಡ, ರೀಲ್ಸ್‌ಗೆ ಉದ್ದ ಎರಡೂ ಬೇಕು. ಎರಡು ಸಲ ತೆಗೆಯಬೇಕೇ?
— ಗೊಂಬೆ ತಯಾರಕರು, ಚನ್ನಪಟ್ಟಣ

ಬೇಡ. 4ಕೆಯಲ್ಲಿ ಅಡ್ಡವಾಗಿ ತೆಗೆಯಿರಿ. 3840×2160ರ ನಡುವಿನಿಂದ ಉದ್ದ ಚೌಕಟ್ಟು ಕತ್ತರಿಸಿದರೆ 1215×2160 ಸಿಗುತ್ತದೆ, ರೀಲ್ಸ್‌ಗೆ ಬೇಕಾದ 1080×1920ಕ್ಕೆ ಧಾರಾಳ. 1080ಪಿಯಲ್ಲಿ ತೆಗೆದಿದ್ದರೆ ಅಗಲ 607 ಪಿಕ್ಸೆಲ್ ಮಾತ್ರ ಉಳಿದು ಚಿತ್ರ ಹಿಗ್ಗಿ ಮಸುಕಾಗುತ್ತದೆ. ಅರಗಿನ ಕಡ್ಡಿ ತಿರುಗುವ ಮರಕ್ಕೆ ಒತ್ತಿ ಕರಗುವ ಜಾಗ, ಕೇದಗೆ ಎಲೆಯಿಂದ ಹೊಳಪು ಕೊಡುವ ಕೈ, ಎರಡೂ ಚೌಕಟ್ಟಿನ ನಡುವಿನ ಮೂರನೇ ಒಂದು ಭಾಗದೊಳಗೆ ಇರಲಿ. ಶಟರ್ 1/50 ಅಥವಾ 1/100ಕ್ಕೆ ಇಡಿ. ನಮ್ಮ ವಿದ್ಯುತ್ 50 ಹರ್ಟ್ಜ್. 1/60ರಲ್ಲಿ ತೆಗೆದರೆ ದೀಪ ಮಿಣುಕುವುದು ಪಟ್ಟೆಪಟ್ಟೆಯಾಗಿ ಕಾಣಬಹುದು. ಚಿತ್ರೀಕರಣಕ್ಕೂ ರಿಸಾಲ್ವ್ ಪ್ರಾಜೆಕ್ಟಿಗೂ ಒಂದೇ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು) ಇಡಿ. ಕ್ಲಿಪ್ ತಂದುಕೊಂಡ ಮೇಲೆ ಪ್ರಾಜೆಕ್ಟಿನ ಫ್ರೇಮ್ ರೇಟ್ ಬದಲಿಸಲು ಅದು ಬಿಡುವುದಿಲ್ಲ.

ಮೊಬೈಲ್ ವಿಡಿಯೋ ಎಡಿಟ್ ಮಾಡುವಾಗ ತುಟಿಗೂ ಮಾತಿಗೂ ಹೊಂದುವುದಿಲ್ಲ. ಮುಗಿದದ್ದನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಮಸುಕಾಗುತ್ತದೆ.
— ಪೀಠೋಪಕರಣ ಮಳಿಗೆ, ಶಿವಮೊಗ್ಗ

ಮೊಬೈಲ್ ಬೆಳಕಿಗೆ ತಕ್ಕಂತೆ ಫ್ರೇಮ್ ರೇಟ್ ಏರಿಳಿಸುವುದರಿಂದ ಮಾತು ಸರಿಯುತ್ತದೆ. ಎಡಿಟಿಂಗ್‌ಗೆ ಮೊದಲೇ ಹ್ಯಾಂಡ್‌ಬ್ರೇಕ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟ್ ಆರಿಸಿ ಪರಿವರ್ತಿಸಿ. ಮುಗಿದ ವಿಡಿಯೋವನ್ನು ಎಚ್.264ರಲ್ಲಿ, 1080ಪಿಗೆ ಬಿಟ್‌ರೇಟ್ 12–16 ಎಂಬಿಪಿಎಸ್ ಇಟ್ಟು ಹೊರತೆಗೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಗ್ಯಾಲರಿಯಿಂದ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ, 2 ಜಿಬಿವರೆಗಿನ ಫೈಲ್ ಗುಣಮಟ್ಟ ಕೆಡದೆ ಹೋಗುತ್ತದೆ.