ಕೊಲೆಗಾರ ಯಾರೆಂದು ಮೊದಲೇ ಗೊತ್ತಿದ್ದರೂ ನಿಜ ಅಪರಾಧ ಕಥನ ಓದಿಸಿಕೊಂಡು ಹೋಗುವುದು ಹೇಗೆ?

ಯಾರು ಅಂತ ಗೊತ್ತಾದ ಮೇಲೂ ಹೇಗೆ, ಯಾಕೆ ಅನ್ನೋ ಪ್ರಶ್ನೆ ಉಳಿಯುತ್ತದಲ್ವಾ, ಎಳೆದುಕೊಂಡು ಹೋಗುವುದು ಅದೇ. ಅಮೆರಿಕದ ಲೇಖಕ ಟ್ರೂಮನ್ ಕಪೋಟಿಯ 'ಇನ್ ಕೋಲ್ಡ್ ಬ್ಲಡ್' (1966) ಪುಸ್ತಕ ನೋಡಿ. 1959ರಲ್ಲಿ ಅಮೆರಿಕದ ಕಾನ್ಸಾಸ್‌ನಲ್ಲಿ ಒಂದೇ ಮನೆಯ ನಾಲ್ವರ ಕೊಲೆಯಾಯಿತು. ಆ ಮನೆಯವರ ಕೊನೆಯ ದಿನವನ್ನೂ ಕಾರಿನಲ್ಲಿ ಆ ಮನೆಯತ್ತ ಬರುತ್ತಿರುವ ಇಬ್ಬರು ಕೊಲೆಗಾರರನ್ನೂ ಒಂದಾದ ಮೇಲೊಂದರಂತೆ ತೋರಿಸುತ್ತಾ, ಕೊಲೆ ನಡೆದ ಬಗೆಯನ್ನು ಮಾತ್ರ ತಪ್ಪೊಪ್ಪಿಗೆ ಬರುವ ತನಕ ಕಪೋಟಿ ತಡೆಹಿಡಿಯುತ್ತಾರೆ. ಮಾಹಿತಿ ಅದೇ, ಕೊಡುವ ಹೊತ್ತು ಬೇರೆ, ಅಷ್ಟೇ.

ಆದರೆ ಪುಸ್ತಕದ ಕೊನೆಯಲ್ಲಿ ಬರುವ ಸ್ಮಶಾನದ ಭೇಟಿ ನಡೆದೇ ಇರಲಿಲ್ಲ, ಕಪೋಟಿಯೇ ಕಟ್ಟಿದ್ದು. ಎಷ್ಟೇ ಚೆನ್ನಾಗಿದ್ದರೂ ನನ್ನ ಪ್ರಕಾರ ಅದು ಮೋಸ. ಸಂಭಾಷಣೆ ಬೇಕಾದರೆ ಕೋರ್ಟ್ ದಾಖಲೆ, ಸಂದರ್ಶನಗಳಲ್ಲಿ ಹುಡುಕಿ. ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯಿರಿ. ಮತ್ತೆ, ಸತ್ತವರನ್ನು ಸುಮ್ನೆ ಹೆಣವಾಗಿ ತರಬೇಡಿ, ಅವರ ಬದುಕಿಗೂ ಜಾಸ್ತಿ ಪುಟ ಕೊಡಿ.