ಒಗಟನ್ನು ಕೂಡಿ ಬಿಡಿಸಿದರೆ ಮೋಸವೇ?

ಸೋಮವಾರಪೇಟೆ ಕಡೆಯ ಓದುಗರೊಬ್ಬರ ಪತ್ರ: ‘ಮಳೆಗಾಲದಲ್ಲಿ ನಮಗೆ ತೋಟದ ಕೆಲಸ ಕಡಿಮೆ, ಕರೆಂಟು ಇನ್ನೂ ಕಡಿಮೆ. ನಾವು ಐದು ಮಂದಿ ಸ್ನೇಹಿತರು ಭಾನುವಾರ ಸಂಜೆ ಒಬ್ಬರ ಮನೆಯ ಜಗಲಿಯಲ್ಲಿ ಸೇರಿ ತಮ್ಮ ಪತ್ರಿಕೆಯ ಪದದೊಗಟುಗಳನ್ನು ಬಿಡಿಸುತ್ತೇವೆ. ಐವರು ಕೂಡಿ ಕಂಡುಕೊಂಡ ಉತ್ತರವನ್ನು ಒಬ್ಬರ ಹೆಸರಿನಲ್ಲಿ ಕಳಿಸಿದರೆ ಮೋಸವಾಗುತ್ತದೆಯೇ? ನಮ್ಮಲ್ಲೊಬ್ಬರು ಸುಳಿವು ಓದಿ ಮುಗಿಸುವ ಮೊದಲೇ ಉತ್ತರ ಕೂಗಿಬಿಡುತ್ತಾರೆ; ಇನ್ನೊಬ್ಬರು ಪ್ರತಿ ಉತ್ತರಕ್ಕೂ ತಕರಾರು ತೆಗೆಯುತ್ತಾರೆ. ಇದಕ್ಕೇನು ಉಪಾಯ?’

ಮಾನ್ಯರೇ,

ಮೋಸವೇನೂ ಇಲ್ಲ. ಕಾರ್ಡಿನ ಮೇಲೆ ಐವರ ಹೆಸರನ್ನೂ ಬರೆಯಿರಿ. ಚೀಟಿ ಎತ್ತಿದಾಗ ನಿಮ್ಮದೇ ಬಂದರೆ ಬಹುಮಾನ ಮಾತ್ರ ಒಂದೇ; ಅದನ್ನು ಹಂಚಿಕೊಳ್ಳುವ ಒಗಟನ್ನು ನೀವೇ ಬಿಡಿಸಿಕೊಳ್ಳಬೇಕು.

ಸುಮಾರು 1300 ವರ್ಷಗಳ ಹಿಂದೆ ಸಂಸ್ಕೃತದ ಕಾವ್ಯಮೀಮಾಂಸಕ ದಂಡಿಯು ತನ್ನ ‘ಕಾವ್ಯಾದರ್ಶ’ದಲ್ಲಿ ಹದಿನಾರು ಬಗೆಯ ಪ್ರಹೇಳಿಕೆಗಳನ್ನು, ಅಂದರೆ ಒಗಟುಗಳನ್ನು, ವಿವರಿಸುವಾಗ ಅವುಗಳಿಂದ ಏನು ಪ್ರಯೋಜನವೆಂಬುದನ್ನೂ ಹೇಳಿದ್ದಾನೆ. ಆಟದ ಗೋಷ್ಠಿಗಳಲ್ಲಿ ವಿನೋದ, ಜನ ತುಂಬಿದ ಕಡೆಯಲ್ಲಿ ಬಲ್ಲವರು ತಮ್ಮತಮ್ಮಲ್ಲೇ ನಡೆಸುವ ಗುಟ್ಟಿನ ಮಾತು, ಎದುರಿನವರನ್ನು ತಬ್ಬಿಬ್ಬು ಮಾಡುವುದು ಎಂದು ಅವನು ಎಣಿಸುವ ಮೂರು ಪ್ರಯೋಜನಗಳಲ್ಲಿ ಒಂದಾದರೂ ಒಬ್ಬಂಟಿಯಾಗಿ ಕೋಣೆಯಲ್ಲಿ ಕುಳಿತವನಿಗೆ ದಕ್ಕುವಂಥದ್ದಲ್ಲ. ಆದ್ದರಿಂದ ನಿಮ್ಮ ಜಗಲಿಯ ಕೂಟವೇ ಮೂಲ ಪದ್ಧತಿ. ಒಬ್ಬರೇ ಪೆನ್ಸಿಲು ಕಚ್ಚುತ್ತ ಚೌಕ ತುಂಬಿಸುವುದು ಅಚ್ಚಿನ ಪತ್ರಿಕೆಗಳಾದ ನಾವು ಆಮೇಲೆ ಹಚ್ಚಿದ ಚಟ.

ಕೂಡಿ ಬಿಡಿಸುವುದರಲ್ಲಿ ಇನ್ನೂ ಒಂದು ಲಾಭವಿದೆ, ಕೊಡಗಿನಲ್ಲಂತೂ ಅದು ಬಹಳ ದೊಡ್ಡದು. ಶ್ಲೇಷೆ ಸಿಕ್ಕುವುದು ಮೊದಲು ಕಿವಿಗೆ. ಒಂದೇ ಪದದ ಎರಡನೆಯ ಅರ್ಥ ನಮಗೆ ಕೇಳಿಸುವುದು ನಾವು ಯಾವ ಮಾತಿನ ನಡುವೆ ಬೆಳೆದಿದ್ದೇವೆ ಎಂಬುದರ ಮೇಲೆ ನಿಂತಿದೆ. ಹಿಂದಿನ ಸಂಚಿಕೆಯಲ್ಲಿ ‘ತಿಳಿದುಕೋ ಎಂದರೆ ವೈರಿಯೇ ಎದುರಾದ, ಎರಡಕ್ಷರ’ ಎಂಬ ಸುಳಿವು ಕೊಟ್ಟಿದ್ದೆವು. ‘ಅರಿ’ ಎಂಬ ಉತ್ತರಕ್ಕೆ ಕನ್ನಡದ ಕ್ರಿಯಾಪದವೊಂದು, ಸಂಸ್ಕೃತದ ನಾಮಪದವೊಂದು ಸಾಕೆಂದು ನಮ್ಮ ಲೆಕ್ಕವಾಗಿತ್ತು. ನಿಮ್ಮ ಕೂಟದಲ್ಲಿ ಮನೆಮಾತು ಮಲಯಾಳವಾಗಿರುವ ಸ್ನೇಹಿತರು ‘ಅರಿ ಎಂದರೆ ಅಕ್ಕಿಯಲ್ಲವೇ, ಅದನ್ನೇಕೆ ಬಿಟ್ಟರು?’ ಎಂದು ಕೇಳಿದರೆಂದು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಅವರ ಮಾತು ಸರಿ. ಸುಗ್ಗಿಯ ಹಬ್ಬವಾದ ಹುತ್ತರಿಯನ್ನು ಕೊಡವರು ಪುತ್ತರಿ ಎನ್ನುವಾಗ ಕೊನೆಯಲ್ಲಿ ಕೇಳಿಸುವುದೂ ಆ ಹೊಸ ಅಕ್ಕಿಯೇ. ವರ್ಷವರ್ಷವೂ ಕದಿರು ತೆಗೆಯುವುದನ್ನು ನೋಡುತ್ತ ಕೊಡಗಿನಲ್ಲೇ ಕುಳಿತು ಸುಳಿವು ಹೆಣೆಯುವ ನಮಗೆ ಇದು ಹೊಳೆಯಲಿಲ್ಲವೆಂಬುದು ನಾಚಿಕೆಯ ವಿಷಯ. ಅರೆಭಾಷೆ, ಕೊಡವ ತಕ್ಕ್, ಮಲಯಾಳ, ತುಳು, ಮೈಸೂರು ಕಡೆಯ ಕನ್ನಡ ಇವೆಲ್ಲ ಒಂದೇ ಜಗಲಿಯಲ್ಲಿ ಸೇರಿದರೆ, ನಿಘಂಟು ಪಕ್ಕದಲ್ಲಿಟ್ಟುಕೊಂಡ ಪಂಡಿತನಿಗೂ ಕೇಳಿಸದ ಅರ್ಥ ಅಲ್ಲಿ ಯಾರಿಗಾದರೂ ಕೇಳಿಸಿಯೇ ತೀರುತ್ತದೆ.

ಇನ್ನು ಉತ್ತರ ಕೂಗುವವರ ಸಂಗತಿ. ನಮ್ಮ ಕಚೇರಿಯಲ್ಲೂ ಅಂಥವರೊಬ್ಬರಿದ್ದಾರೆ. ಅವರನ್ನು ಸುಮ್ಮನಿರಿಸುವ ಪ್ರಯತ್ನಗಳೆಲ್ಲ ಸೋತ ಮೇಲೆ ನಾವೊಂದು ನಿಯಮ ಮಾಡಿಕೊಂಡೆವು: ಉತ್ತರ ಹೊಳೆದವರು ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಅದೇ ಪದಕ್ಕೆ ತಾವೇ ಇನ್ನೊಂದು ಸುಳಿವು ಕಟ್ಟಿ ಉಳಿದವರಿಗೆ ಕೊಡಬೇಕು. ‘ಮೆಣಸಿನ ಬಳ್ಳಿಗೆ ಏಣಿ ಒರಗಿಸಿ ನಿಂತವನಿಗೆ ಹೇಳುವ ಸಂಖ್ಯೆ’ ಎಂದು ಒಬ್ಬರು ಓದಿದ ಕೂಡಲೇ ನಮ್ಮ ಸಹೋದ್ಯೋಗಿಯ ಬಾಯಿ ತೆರೆಯಿತು, ನಿಯಮ ನೆನಪಾಗಿ ಮುಚ್ಚಿತು. ಚಹಾ ಲೋಟ ಖಾಲಿಯಾಗುವವರೆಗೆ ಕಿಟಕಿಯಾಚೆ ಮಳೆ ನೋಡುತ್ತ ಕುಳಿತು, ಕೊನೆಗೆ ‘ಒದ್ದೆ ಸೌದೆಗೆ ಎಷ್ಟು ಸಲ ಹೇಳಿದರೂ ಅದು ಕೇಳದ ಸಂಖ್ಯೆ’ ಎಂದರು. ಎರಡಕ್ಕೂ ಉತ್ತರ ‘ಹತ್ತು’. ನಮ್ಮ ಸುಳಿವಿಗಿಂತ ಅವರದೇ ಚೆನ್ನಾಗಿತ್ತು. ವೇಗವಾಗಿ ಬಿಡಿಸುವವರಿಗೆ ಕಟ್ಟುವ ಕೆಲಸ ಒಪ್ಪಿಸಿದರೆ ಉಳಿದವರಿಗೆ ಯೋಚಿಸಲು ಹೊತ್ತು ಸಿಗುತ್ತದೆ, ಅವರಿಗೂ ಕೈತುಂಬ ಕೆಲಸ ಸಿಗುತ್ತದೆ.

ತಕರಾರು ತೆಗೆಯುವವರನ್ನು ಮಾತ್ರ ದಯವಿಟ್ಟು ಬಿಟ್ಟುಕೊಡಬೇಡಿ. ಅವರ ಎರಡು ಆಕ್ಷೇಪಗಳನ್ನು ತಾವು ಕಳಿಸಿದ್ದೀರಿ. ‘ಆ ಕಡೆಯಿಂದ ನೋಡಿದರೂ ಈ ಕಡೆಯಿಂದ ನೋಡಿದರೂ ಒಂದೇ, ಮಳೆ ಬಂದರೆ ಮುಚ್ಚಬೇಕು’ ಎಂಬ ಸುಳಿವಿಗೆ ‘ಕಿಟಕಿ’ ಉತ್ತರವಾಗದು, ಏಕೆಂದರೆ ಅದರ ಧ್ವನಿಗಳನ್ನು ಹಿಂದುಮುಂದಾಗಿ ಉಚ್ಚರಿಸಿದರೆ ‘ಇಕಟಿಕ್’ ಎಂದಾಗುತ್ತದೆ ಎನ್ನುವುದು ಮೊದಲನೆಯದು. ಸೂಕ್ಷ್ಮವಾದ ಮಾತು, ಆದರೆ ಕನ್ನಡದ ಪದದಾಟದಲ್ಲಿ ಎಣಿಕೆಯ ಘಟಕ ಅಕ್ಷರ. ಗುಣಿತ, ಒತ್ತು, ಸೊನ್ನೆಗಳು ತಾವು ಅಂಟಿಕೊಂಡ ಅಕ್ಷರದ ಜೊತೆಯಲ್ಲೇ ಒಂದು ಚೌಕದಲ್ಲಿ ಕೂರುತ್ತವೆ. ‘ಹತ್ತು’ ಎರಡು ಚೌಕ, ‘ಕಂಬ’ವೂ ಎರಡೇ. ಹಾಗೆ ಎಣಿಸಿದರೆ ಕಿ, ಟ, ಕಿ ಎರಡು ಕಡೆಯಿಂದಲೂ ಒಂದೇ. ಈ ಆಕ್ಷೇಪವನ್ನು ತಳ್ಳಿಹಾಕಿದ್ದೇವೆ.

ಎರಡನೆಯದು ‘ಒಗೆದು ಒಣಗಿಸಿದ ಬಟ್ಟೆಯ ಪಕ್ಕ ಓಣಿ ಸೇರಿಸಿದರೆ ಮಂಜಿನ ಊರು’ ಎಂಬುದರ ಮೇಲೆ. ಮಡಿಕೇರಿಯನ್ನು ಮಡಿ ಮತ್ತು ಕೇರಿ ಎಂದು ಒಡೆದದ್ದು ಇತಿಹಾಸಕ್ಕೆ ಮಾಡಿದ ಅಪಚಾರ, ಅದು 1681ರಲ್ಲಿ ಅಲ್ಲಿ ರಾಜಧಾನಿ ಕಟ್ಟಿದ ಹಾಲೇರಿ ವಂಶದ ಮುದ್ದುರಾಜನ ಕೇರಿ ಎಂದು ಅವರ ವಾದ. ಇತಿಹಾಸ ಅವರು ಹೇಳಿದಂತೆಯೇ ಇದೆ. ಆದರೆ ಒಗಟು ಪದವನ್ನು ಈಗ ಕಿವಿಗೆ ಬೀಳುವಂತೆ ಒಡೆಯುತ್ತದೆ, ಅದು ಹುಟ್ಟಿದಂತೆ ಒಡೆಯಬೇಕಾಗಿಲ್ಲ. ಈ ಸಲುಗೆಯನ್ನೂ ಕಿತ್ತುಕೊಂಡರೆ ಆಟದಲ್ಲಿ ಉಳಿಯುವುದು ವ್ಯಾಕರಣ ಪರೀಕ್ಷೆ ಮಾತ್ರ. ಹಾಗಿದ್ದರೂ ಅವರ ವಾದದಿಂದಾಗಿ ನಿಮ್ಮ ಜಗಲಿಯಲ್ಲಿ ಮುದ್ದುರಾಜನ ಹೆಸರು ಬಂತಲ್ಲ, ನಮ್ಮ ಸುಳಿವಿನಿಂದ ಅಷ್ಟು ಆಗುತ್ತಿರಲಿಲ್ಲ.

ಕೊನೆಯದಾಗಿ, ಪ್ರಕಟಣೆಗೆಂದು ಐವರೂ ಸೇರಿ ಕಟ್ಟಿ ಕಳಿಸಿದ ಒಗಟಿನ ವಿಚಾರ. ‘ಕಕ್ಕಡ ಹದಿನೆಂಟರಂದು ಪಾಯಸಕ್ಕೆ ಹಾಕುವ ಸೊಪ್ಪಿನ ಹೆಸರು, ಕೋವಿಗೂ ತುಂಬುತ್ತಾರೆ’ ಎಂದು ಬರೆದಿದ್ದೀರಿ. ಬಹಳ ಸೊಗಸಾಗಿದೆ, ಘಟ್ಟದ ಕೆಳಗಾಗಲಿ ಬಯಲುಸೀಮೆಯಲ್ಲಾಗಲಿ ಹುಟ್ಟಲಾರದ ಒಗಟು. ಆದರೆ ಕೊಡವರ ಕಕ್ಕಡ ತಿಂಗಳ ದಿನವನ್ನು ಹೇಳಿ, ಸೊಪ್ಪು ಎಂದೂ ಹೇಳಿದ ಮೇಲೆ ಕೊಡಗಿನ ಮಗುವೂ ಬಿಡಿಸೀತು. ‘ಪಾಯಸಕ್ಕೂ ಬೇಕು, ಕೋವಿಗೂ ಬೇಕು’ ಎಂದಷ್ಟೇ ಇರಲಿ. ಪಾಯಸವೂ ಕೋವಿಯೂ ಒಂದೇ ಸಾಲಿನಲ್ಲಿ ಮುಖಾಮುಖಿಯಾದಾಗ ಓದುಗರು ಒಂದು ಗಳಿಗೆ ಬೆಚ್ಚಬೇಕು, ಆಮೇಲೆ ‘ಮದ್ದು’ ಹೊಳೆಯಬೇಕು. ತಿದ್ದಿದ ರೂಪದಲ್ಲಿ ಮುಂದಿನ ಸಂಚಿಕೆಯ ಸ್ಪರ್ಧೆಗೆ ಇದನ್ನೇ ಇಟ್ಟುಕೊಳ್ಳೋಣವೆಂದಿದ್ದೆವು. ಉತ್ತರವನ್ನು ಈಗ ನಾವೇ ಕೂಗಿಬಿಟ್ಟಿದ್ದರಿಂದ ಅದು ಸಾಧ್ಯವಿಲ್ಲ. ದಯವಿಟ್ಟು ಇನ್ನೊಂದನ್ನು ಕಟ್ಟಿ ಈ ತಿಂಗಳ 20ರೊಳಗೆ ನಮಗೆ ತಲುಪುವಂತೆ ಕಳಿಸಿಕೊಡಿ.

– ಸಂಪಾದಕ